ದಿನದ ಚೀಟಿ

ಆರಿಸಿಕೊಳ್ಳುವ ಹಕ್ಕನ್ನು ಮಕ್ಕಳ ಕೈಗೆ ಕೊಟ್ಟರೆ ಹೀಗೇ ಆಗುವುದು ಎಂದು ಸಿಗ್ನೆ ಆಮೇಲೆ ಎಷ್ಟು ಸಲ ಅಂದುಕೊಂಡಳೋ. ಆರನೇ ತರಗತಿಯ ರಾಗ್ನಳನ್ನು ಹೆಡ್‌ಮಿಸ್ಟ್ರೆಸ್ ವಿಬೆಕೆ ಕರೆಸಿ, "ದಿನಾ ಬೆಳಿಗ್ಗೆ ಹತ್ತು ನಿಮಿಷ, ಮಧ್ಯಾಹ್ನ ಹತ್ತು ನಿಮಿಷ ನಿನ್ನ ಜೊತೆ ಕೂರೋಕೆ ಈ ಶಾಲೆಯ ದೊಡ್ಡವರಲ್ಲಿ ಯಾರು ಬೇಕು, ನೀನೇ ಬರಿ" ಎಂದು ಕಾಗದ ಕೊಟ್ಟಿದ್ದಳು. ಸಿಗ್ನೆ ಹಿಂದಿನ ದಿನವೇ ತನ್ನ ಕೋಣೆಯ ಕಿಟಕಿ ಪಕ್ಕದ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನೆಲ್ಲ ಎತ್ತಿ ಜಾಗ ಮಾಡಿಟ್ಟಿದ್ದಳು. ಎರಡು ವರ್ಷದಿಂದ ಆ ಹುಡುಗಿಯ ಕ್ಲಾಸ್ ಟೀಚರ್ ತಾನು. ಇನ್ಯಾರ ಹೆಸರು ಬರೆದಾಳು?

ರಾಗ್ನ ಬರೆದದ್ದು ಹೆಲ್ಗೆಯ ಹೆಸರು. ಹೆಲ್ಗೆ ಪಾಠ ಹೇಳುವವನಲ್ಲ, ಮಕ್ಕಳ ಮನಸ್ಸಿನ ಬಗ್ಗೆ ನಾಲ್ಕು ಪುಟ ಓದಿದವನೂ ಅಲ್ಲ. ಶಾಲೆಯ ಮುಂದಿನ ಹಿಮ ಎತ್ತುವವನು, ಹೀಟರ್ ಕೆಟ್ಟರೆ ಸರಿ ಮಾಡುವವನು, ನೆಲಮಾಳಿಗೆಯ ಮರಗೆಲಸದ ಕೋಣೆಯಲ್ಲಿ ಮುರಿದ ಕುರ್ಚಿಗೆ ಕಾಲು ಕೂರಿಸುವವನು. ಅರವತ್ತೆರಡು ವರ್ಷ, ಕಿವಿ ಸ್ವಲ್ಪ ಮಂದ. ಸುದ್ದಿ ಕೇಳಿ ಸಿಗ್ನೆ ನಕ್ಕಳು. ನಕ್ಕದ್ದು ಬಾಯಿ ಮಾತ್ರ.

ಆ ಹುಡುಗಿಗಾಗಿ ಆಕೆ ಪಟ್ಟ ಪಾಡು ಒಂದೆರಡಲ್ಲ. ರಾಗ್ನಳಿಗೆ ಮೂಗಿನ ತುದಿಯಲ್ಲೇ ಕೋಪ. ಕೋಪಕ್ಕಿಂತ ಕೆಟ್ಟದ್ದು ಅವಳ ಜಾಣತನ. ಎಸ್ಕಿಲ್ ಅನ್ನುವ ಮೆತ್ತಗಿನ ಹುಡುಗನೊಬ್ಬ ತರಗತಿಯಲ್ಲಿದ್ದ. ಅವನು ಊಟದ ಡಬ್ಬಿ ಹಿಡಿದು ಬಂದು ಕೂತ ಕೂಡಲೇ ಇಡೀ ಮೇಜಿನವರು ಬಾಯಿ ಮುಚ್ಚಿಕೊಳ್ಳಬೇಕು ಎಂದು ರಾಗ್ನ ಕಟ್ಟು ಮಾಡಿದ್ದಳು. ಹೊಡೆತವಿಲ್ಲ, ಬೈಗುಳವಿಲ್ಲ, ಹಿಡಿಯಲಿಕ್ಕೆ ಏನೂ ಸಿಗುತ್ತಿರಲಿಲ್ಲ. ಸಿಗ್ನೆ ಗದರಿದಳು, ಆಟದ ಬಿಡುವಿನಲ್ಲಿ ಒಳಗೇ ಕೂರಿಸಿದಳು, ಮನೆಗೆ ಫೋನ್ ಮಾಡಿದಳು, ಒಂದು ಭಾನುವಾರ ತಾನೇ ಸ್ಕೀಯಿಂಗಿಗೆ ಕರೆದುಕೊಂಡು ಹೋಗಿ ಒಳ್ಳೆಯ ಮಾತೂ ಹೇಳಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಆ ಚಳಿಗಾಲ ಶಾಲೆ ಹೊಸ ಪದ್ಧತಿ ಹಿಡಿಯಿತು. ಕಿರುಚುವಂತಿಲ್ಲ. "ಓಡಬೇಡ" ಅನ್ನುವ ಬದಲು "ನಡ್ಕೊಂಡು ಹೋಗು" ಅನ್ನಬೇಕು. ಮಗು ತಪ್ಪು ಮಾಡುವುದನ್ನೇ ಕಾಯಬಾರದು, ಸರಿ ಮಾಡಿದ್ದನ್ನು ಹುಡುಕಿ ಹೇಳಬೇಕು. ರಾಗ್ನಳಂಥವರಿಗೆ ದಿನಕ್ಕೊಂದು ಹಸಿರು ಚೀಟಿ. ಬೆಳಿಗ್ಗೆ ಹೆಲ್ಗೆಯ ಕೈಯಿಂದ ಅದನ್ನು ಪಡೆಯಬೇಕು, ಪ್ರತಿ ಪಾಠ ಮುಗಿದಾಗ ಆಯಾ ಟೀಚರ್ ಅದರಲ್ಲಿ ಅಂಕ ಹಾಕಬೇಕು. ಚೆನ್ನಾಗಿದ್ದರೆ ಎರಡು, ಪರವಾಗಿಲ್ಲ ಅನ್ನಿಸಿದರೆ ಒಂದು, ಕೆಟ್ಟರೆ ಸೊನ್ನೆ. ಎರಡಕ್ಕಿಂತ ಕಡಿಮೆ ಹಾಕಿದರೆ ಯಾಕೆ ಅಂತ ಮಗುವಿಗೆ ಬಾಯಿಬಿಟ್ಟು ಹೇಳಬೇಕು. ಮಧ್ಯಾಹ್ನ ಚೀಟಿ ಮತ್ತೆ ಹೆಲ್ಗೆಯ ಕೈಗೆ. ನಾಲ್ಕು ವಾರದಲ್ಲಿ ನೂರಕ್ಕೆ ಎಂಬತ್ತು ಬಂದರೆ ರಾಗ್ನ ಗೆದ್ದಳು. ಬಾರದಿದ್ದರೆ "ಬೇರೆ ವ್ಯವಸ್ಥೆ" ಎಂದು ವಿಬೆಕೆ ಮೆತ್ತಗೆ ಹೇಳಿದ್ದಳು. ಬೇರೆ ವ್ಯವಸ್ಥೆ ಅಂದರೆ ಕೊಲ್ಲಿಯ ಆಚೆ ದಡದ ಶಾಲೆ, ಐದೇ ಮಕ್ಕಳ ಗುಂಪು, ದಿನಾ ಒಂದು ದೋಣಿ, ಒಂದು ಬಸ್ಸು. ಮಾತು ಎಷ್ಟು ಮೆತ್ತಗಿದ್ದರೂ ಹೊರಗೆ ಹಾಕುವುದು ಹೊರಗೆ ಹಾಕುವುದೇ.

ಮರಗೆಲಸದ ಕೋಣೆಯ ಕಿಟಕಿ ಸೈಕಲ್ ನಿಲ್ಲಿಸುವ ಜಾಗಕ್ಕೆ ತೆರೆದುಕೊಳ್ಳುತ್ತದೆ. ಸಿಗ್ನೆ ಬೇಕೆಂದೇ ಇಣುಕಲಿಲ್ಲ. ಹಾಗಂತ ಸೈಕಲ್ಲಿಗೆ ಬೀಗ ಹಾಕಲು ಐದು ನಿಮಿಷ ಬೇಕಿರಲಿಲ್ಲ ಎಂಬುದೂ ನಿಜ.

"ನಿದ್ದೆ ಬಂತಾ?" ಹೆಲ್ಗೆ ಕೇಳುತ್ತಿದ್ದ.

"ಬಂತು."

"ತಿಂಡಿ?"

"ಅರ್ಧ."

"ಅರ್ಧ ತಿಂದ್ರೆ ಹತ್ತು ಗಂಟೆಗೆ ತಲೆ ಕೆಡುತ್ತೆ. ತಗೋ." ತನ್ನ ಬ್ರೆಡ್ಡಿನ ಮೇಲೆ ಕಂದು ಚೀಸ್ ಹೆರೆದು ಕೊಟ್ಟ.

"ಹೆಲ್ಗೆ, ಇದು ಬ್ರೆಡ್ಡಲ್ಲ, ಹಲಗೆ."

"ಹೌದಾ? ಹಾಗಾದ್ರೆ ನಾನು ಕುರ್ಚಿಗೆ ಬಡಿದಿದ್ದು ಯಾವುದು?"

ರಾಗ್ನ ಬಾಯಿ ತುಂಬ ಬ್ರೆಡ್ಡಿಟ್ಟುಕೊಂಡು ನಕ್ಕಳು, ಮೇಜಿನ ಮೇಲೆಲ್ಲ ಚೂರು ಬಿತ್ತು. ಎರಡು ವರ್ಷದಲ್ಲಿ ಸಿಗ್ನೆ ಆ ನಗು ಕೇಳಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ರಾಗ್ನಳ ಕೊಂಕು ನಗು ಮಾತ್ರ. ನೀರೆರೆದವಳು ತಾನು, ಹೂ ಬಿಟ್ಟದ್ದು ಇವನ ಹಿತ್ತಿಲಲ್ಲಿ. ಆ ದಿನ ತರಗತಿಗೆ ಹೋಗುವಾಗ ಅವಳ ಹೊಟ್ಟೆ ಉರಿಯುತ್ತಿತ್ತು. ಮೂವತ್ತೊಂದು ವರ್ಷ ಪಾಠ ಹೇಳಿದವಳಿಗೆ ಹಿಮ ಗೋರುವವನ ಮೇಲೆ ಹೊಟ್ಟೆಕಿಚ್ಚು! ಹೇಳಿಕೊಳ್ಳಲೂ ನಾಚಿಕೆ, ಬಿಡಲೂ ಆಗದು.

ದಿನದ ಪಾಠಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲಾಸ್ ಟೀಚರ್ ಸಿಗ್ನೆಯದೇ. ಮೊದಲ ವಾರ ನ್ಯಾಯವಾಗಿಯೇ ಅಂಕ ಹಾಕಿದಳು. ಎರಡನೇ ವಾರದ ಸೋಮವಾರ ಗಣಿತದ ಪಾಠದಲ್ಲಿ ರಾಗ್ನ ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಸಿಗ್ನೆ ಒಂದು ಹಾಕಿ, ಕಾರಣ ಹೇಳಿದಳು. ಅದು ಸರಿಯೇ ಇತ್ತು. ಆದರೆ ಚೀಟಿ ನೋಡಿ ಹುಡುಗಿಯ ಮುಖ ಇಳಿದದ್ದನ್ನು ಕಂಡಾಗ ಸಿಗ್ನೆಗೆ ಎದೆಯಲ್ಲಿ ಏನೋ ತಣ್ಣಗಾಯಿತು. ಅಂತೂ ತನ್ನ ಕೈಯಲ್ಲೂ ಇವಳ ಒಂದು ಎಳೆ ಇದೆ ಅನ್ನಿಸಿತು.

ಅಲ್ಲಿಂದ ಮೊಸರಲ್ಲಿ ಕಲ್ಲು ಹುಡುಕುವುದು ಶುರುವಾಯಿತು. ಕೈ ಎತ್ತಿದ್ದು ತಡವಾಯಿತು, ಒಂದು. ಪುಸ್ತಕ ಜೋರಾಗಿ ಮುಚ್ಚಿದಳು, ಒಂದು. ಕೆಲವು ದಿನ ಕಲ್ಲೂ ಸಿಗುತ್ತಿರಲಿಲ್ಲ.

"ಯಾಕೆ ಒಂದು?" ಎಂದು ರಾಗ್ನ ಕೇಳುತ್ತಿದ್ದಳು. ಜಗಳಕ್ಕಲ್ಲ, ತಿಳಿದುಕೊಳ್ಳಲಿಕ್ಕೆ.

"ಯೋಚನೆ ಮಾಡು. ನಿನಗೇ ಗೊತ್ತಾಗುತ್ತೆ," ಅನ್ನುತ್ತಿದ್ದಳು ಸಿಗ್ನೆ.

ಮೂರನೇ ವಾರದ ಕೊನೆಗೆ ವಿಬೆಕೆ ಟೀಚರುಗಳ ಕೋಣೆಯಲ್ಲಿ ಕಾಫಿ ಹಿಡಿದು ಪಕ್ಕದಲ್ಲಿ ಕೂತಳು. "ಸಿಗ್ನೆ, ಉಳಿದವರ ಪಾಠದಲ್ಲೆಲ್ಲ ರಾಗ್ನಂಗೆ ಎರಡು. ನಿನ್ನ ಪಾಠದಲ್ಲಿ ಮಾತ್ರ ಒಂದು. ಏನಾದ್ರೂ ಇದೆಯಾ?"

"ಅವರದ್ದು ಧಾರಾಳ ಕೈ. ನಾನು ಕಂಡದ್ದು ಬರೀತೀನಿ."

"ಎಸ್ಕಿಲ್ ತಾಯಿ ನಿನ್ನೆ ಫೋನ್ ಮಾಡಿದ್ರು. ಒಂದು ಸಲ ಬಿಟ್ರೆ ಮೂರು ವಾರದಿಂದ ಹುಡುಗ ಅಳದೆ ಮನೆಗೆ ಬರ್ತಿದಾನಂತೆ. ಹೆಲ್ಗೆ ಒಳ್ಳೆ ಕೆಲಸ ಮಾಡ್ತಿದಾನೆ ಅಲ್ವಾ?"

"ಮಾಡ್ತಾನೆ. ಅವನಿಗೇನು, ಇಪ್ಪತ್ತೆಂಟು ಮಕ್ಕಳಾ? ಒಬ್ಬಳು." ಮಾತಿನಲ್ಲಿ ಹುಳಿ ಜಾಸ್ತಿಯಾಯಿತು ಎಂದು ಅವಳಿಗೇ ಕೇಳಿಸಿತು. ವಿಬೆಕೆ ಕಾಫಿ ಮುಗಿಸಿ ಎದ್ದಳು.

ಕೊನೆಯ ಶುಕ್ರವಾರ ಬಂತು. ಕೊನೆಯ ಪಾಠ ಸಿಗ್ನೆಯದೇ. ಎಂಬತ್ತು ಮುಟ್ಟಲು ಆ ಪಾಠದಲ್ಲಿ ಎರಡು ಬೇಕೇ ಬೇಕಿತ್ತು. ತರಗತಿಯವರಿಗೆಲ್ಲ ಅದು ಗೊತ್ತಿತ್ತು. ರಾಗ್ನ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಮಧ್ಯದಲ್ಲಿ ಎಸ್ಕಿಲ್‌ನ ಪೆನ್ಸಿಲ್ ಡಬ್ಬಿ ಬಿದ್ದು ಚೆಲ್ಲಾಪಿಲ್ಲಿಯಾಯಿತು. ಒಂದು ಕ್ಷಣ ಯಾರೂ ಅಲುಗಲಿಲ್ಲ. ರಾಗ್ನ ಬಗ್ಗಿ ಹೆಕ್ಕಿ ಕೊಟ್ಟಳು. "ಥ್ಯಾಂಕ್ಸ್," ಅಂದ ಅವನು. "ಕೆಂಪುದಕ್ಕೆ ಮೊನೆ ಹೋಗಿದೆ ನೋಡು," ಅಂದಳು ಇವಳು. ಅಷ್ಟೇ. ಎರಡು ವರ್ಷ ಸಿಗ್ನೆ ಬೇಡಿಕೊಂಡದ್ದು ಇಷ್ಟನ್ನೇ.

ಎರಡು ಹಾಕಬೇಕು ಎಂದು ಪೆನ್ನು ತೆಗೆದಳು. ಅಷ್ಟರಲ್ಲಿ ರಾಗ್ನ ಗಡಿಯಾರ ನೋಡಿ ಪಕ್ಕದವಳಿಗೆ ಹೇಳಿದಳು: "ಹೆಲ್ಗೆ ವಾಫಲ್ ಮಾಡೋ ಮಷೀನ್ ತಂದಿದಾನೆ. ನನಗೋಸ್ಕರ."

ಸಿಗ್ನೆಯನ್ನು ಯಾರೂ ವಾಫಲ್ಲಿಗೆ ಕರೆದಿರಲಿಲ್ಲ. ಅವಳ ಕೈ ಒಂದು ಬರೆಯಿತು.

ಬರೆದು, ಕಾದಳು. ಹುಡುಗಿ ಈಗ ಕಿರುಚಲಿ, ಕುರ್ಚಿ ಒದೆಯಲಿ, ಹಳೆಯ ರಾಗ್ನ ಹೊರಗೆ ಬರಲಿ. ಆಗ ಈ ಒಂದು ನ್ಯಾಯವೇ ಆಗಿಬಿಡುತ್ತದೆ. ರಾಗ್ನ ಚೀಟಿಯನ್ನು ಬಹಳ ಹೊತ್ತು ನೋಡಿದಳು. ಯಾಕೆ ಎಂದು ಈ ಸಲ ಕೇಳಲೂ ಇಲ್ಲ. "ಸರಿ," ಎಂದು ಚೀಲ ಹೆಗಲಿಗೇರಿಸಿ ಹೊರಟಳು.

ಸಿಗ್ನೆ ಹಿಂದೆಯೇ ನೆಲಮಾಳಿಗೆಯ ಮೆಟ್ಟಿಲು ಇಳಿದಳು. ಯಾಕೆ ಇಳಿದಳು? ಹೆಲ್ಗೆಯ ಮುಖ ಸಪ್ಪಗಾಗುವುದನ್ನು ನೋಡಲಿಕ್ಕೆ. ಇದ್ದದ್ದನ್ನು ಇದ್ದ ಹಾಗೇ ಹೇಳಬೇಕಲ್ಲ. ಬಾಗಿಲು ಅರ್ಧ ತೆರೆದಿತ್ತು, ಬೆಣ್ಣೆ ಕಾದ ವಾಸನೆ ಹೊರಗೆ ಬರುತ್ತಿತ್ತು. ಕಿವಿ ಮಂದದವನ ಜೊತೆ ಮಾತಾಡಿ ಅಭ್ಯಾಸವಾಗಿದ್ದರಿಂದ ರಾಗ್ನ ಜೋರಾಗಿಯೇ ಮಾತಾಡುತ್ತಿದ್ದಳು.

"ಒಂದು ಬಂತು. ಆಗ್ಲಿಲ್ಲ ಹೆಲ್ಗೆ."

"ಯಾಕಂತೆ?"

"ಗೊತ್ತಿಲ್ಲ. ನಾನೇ ಏನೋ ಮಾಡಿರ್ಬೇಕು."

"ಏನು ಮಾಡಿದೆ?"

"ಗಡಿಯಾರ ನೋಡಿದೆ. ಅದಿರ್ಬಹುದು. ಇಲ್ಲಾಂದ್ರೆ ಉಸಿರು ಜೋರಾಯ್ತೇನೋ. ಅವರ ಪಾಠದಲ್ಲಿ ಈಗ ಮೆಲ್ಲಗೆ ಉಸಿರಾಡ್ತೀನಿ, ಆದ್ರೂ ಒಂದೇ ಬರುತ್ತೆ. ನನ್ನಲ್ಲೇ ಏನೋ ಇದೆ, ನಂಗೆ ಸಿಗ್ತಿಲ್ಲ."

ಸಿಗ್ನೆ ಬಾಗಿಲ ಹೊರಗೇ ನಿಂತಳು. ಮೂವತ್ತೊಂದು ವರ್ಷದಲ್ಲಿ ಪೀಡನೆಗೆ ಸಿಕ್ಕಿದ ಎಷ್ಟೋ ಮಕ್ಕಳನ್ನು ಆಕೆ ಎದುರಿಗೆ ಕೂರಿಸಿಕೊಂಡು ಮಾತಾಡಿಸಿದ್ದಳು. ಎಲ್ಲರೂ ಹೇಳುವುದು ಇದೇ. ಎಸ್ಕಿಲ್ ಕೂಡ ಬಿಕ್ಕುತ್ತಾ ಇದನ್ನೇ ಹೇಳಿದ್ದ, ನಾನೇ ಏನೋ ಮಾಡಿರ್ಬೇಕು ಎಂದು. ಹೊಡೆತವಿಲ್ಲ, ಬೈಗುಳವಿಲ್ಲ, ಹಿಡಿಯಲಿಕ್ಕೆ ಏನೂ ಸಿಗದ ಹಾಗೆ ಒಂದು ಮಗುವನ್ನು ಹಿಂಸಿಸಿದವಳು ಈಗ ತಾನು. ತಿರುಗಿ ಮೆಟ್ಟಿಲು ಹತ್ತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹತ್ತಬೇಕೆಂದೂ ಅನ್ನಿಸಿತು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟವಳು ತೆಗೆದು, ಬಾಗಿಲು ತಳ್ಳಿದಳು.

"ನೀನು ಏನೂ ಮಾಡಿಲ್ಲ, ರಾಗ್ನ. ಇವತ್ತೂ ಇಲ್ಲ, ಮೊನ್ನೆನೂ ಇಲ್ಲ. ಮಾಡಿದ್ದು ನಾನು. ನನಗೆ ಹೊಟ್ಟೆಕಿಚ್ಚು."

ರಾಗ್ನಳಿಗೆ ಅರ್ಥವಾಗಲಿಲ್ಲ. "ಯಾರ ಮೇಲೆ?"

"ಹೆಲ್ಗೆ ಮೇಲೆ."

ಹುಡುಗಿ ಹೆಲ್ಗೆಯ ಗೋಂದು ಮೆತ್ತಿದ ಸ್ವೆಟರನ್ನೂ ಕೈಯಲ್ಲಿದ್ದ ಹಿಟ್ಟಿನ ಸೌಟನ್ನೂ ನೋಡಿದಳು. "ಇವನ ಮೇಲಾ?"

"ನೀನು ಇವನ ಹೆಸರು ಬರೆದೆ. ನಂದು ಬರೀತೀಯ ಅಂದ್ಕೊಂಡಿದ್ದೆ."

ಹೆಲ್ಗೆ ಮಷೀನಿನ ಪ್ಲಗ್ ಕಿತ್ತ. ಕೈ ಒರೆಸಿಕೊಂಡ. "ಸಿಗ್ನೆ, ದೊಡ್ಡವರು ಮಗೂಗೆ ಹೀಗೆ ಮಾಡಿದ್ದು ಕಿವಿಗೆ ಬಿದ್ರೆ ಹೆಡ್‌ಗೆ ಹೇಳ್ಲೇಬೇಕು. ಕಾನೂನು. ನಿಂಗೆ ಗೊತ್ತು."

"ಗೊತ್ತು. ಹೇಳು."

"ಈಗ್ಲೇ ಹೇಳ್ಬೇಕು."

"ಈಗ್ಲೇ ಹೋಗು ಮಾರಾಯ. ನಾನು ಇಲ್ಲೇ ಇರ್ತೀನಿ."

ಅವನು ಬಾಗಿಲು ಪೂರ್ತಿ ತೆರೆದಿಟ್ಟು ಮೇಲೆ ಹೋದ. ಅವನ ಹೆಜ್ಜೆ ಕೇಳಿಸದಾದ ಮೇಲೆ ರಾಗ್ನಳಿಗೆ ಕೋಪ ಬಂತು. ಕಿರುಚಲಿಲ್ಲ. ಮುಖ ಕೆಂಪಗಾಗಿತ್ತು.

"ಮನೇಲಿ ಮಲಗಿದಾಗ್ಲೂ ಹುಡುಕಿದೀನಿ ನಾನು, ಏನು ತಪ್ಪು ಮಾಡಿದೆ ಅಂತ. ನಿಮಗೆ ಗೊತ್ತಿತ್ತು. ಹೇಳ್ಲಿಲ್ಲ."

"ಹೌದು. ತಪ್ಪಾಯ್ತು ಮಗಳೇ, ಕ್ಷಮಿಸು."

"ಮಗಳೇ ಅನ್ಬೇಡಿ. ಕ್ಷಮಿಸೋದು ಆಮೇಲೆ. ಮೊದ್ಲು ಸರಿ ಮಾಡಿ."

ಗೋಡೆಯ ಮೊಳೆಗೆ ಚುಚ್ಚಿಟ್ಟಿದ್ದ ಹಸಿರು ಚೀಟಿಗಳ ಕಟ್ಟನ್ನು ರಾಗ್ನ ತೆಗೆದು ಮೇಜಿನ ಮೇಲಿಟ್ಟಳು. ಸಿಗ್ನೆ ಮರದ ಪುಡಿ ಒರೆಸಿ ಸ್ಟೂಲಿನ ಮೇಲೆ ಕೂತಳು. ರಾಗ್ನ ಪಕ್ಕದಲ್ಲೇ ನಿಂತಳು, ಸಿಗ್ನೆಯ ಮುಖ ನೋಡಲಿಲ್ಲ, ಪೆನ್ನನ್ನೇ ನೋಡಿದಳು. ಇವತ್ತಿನದರಿಂದ ಶುರುಮಾಡಿ ಹಿಂದಕ್ಕೆ ಹೋದರು. ಒಂದನ್ನು ಹೊಡೆದು ಎರಡು ಬರೆಯುವುದು, ಕೆಳಗೆ ಸಹಿ ಹಾಕುವುದು, ಮುಂದಿನದು. ಪ್ರತಿ ಚೀಟಿಗೂ ಆ ದಿನ ತಾನು ಕಿಟಕಿಯಲ್ಲಿ ಏನು ಕಂಡಿದ್ದೆ, ಎಷ್ಟು ಉರಿದಿದ್ದೆ ಎಂಬುದು ಸಿಗ್ನೆಗೆ ನೆನಪಿತ್ತು. ಎಂಬತ್ತು ಯಾವಾಗಲೋ ದಾಟಿಯಾಗಿತ್ತು, ಇಬ್ಬರಿಗೂ ಅದು ಗೊತ್ತಿತ್ತು, ಆದರೂ ಯಾರೂ ನಿಲ್ಲಿಸಲಿಲ್ಲ.

ಹನ್ನೊಂದನೆಯದೋ ಹನ್ನೆರಡನೆಯದೋ ಬಂದಾಗ ರಾಗ್ನ ಚೀಟಿಯ ಮೇಲೆ ಅಂಗೈ ಇಟ್ಟಳು.

"ಇದು ಬೇಡ."

"ಯಾಕೆ? ಅವತ್ತೂ ನೀನು ಏನೂ ಮಾಡಿರ್ಲಿಲ್ಲ. ನಾನು ಸುಮ್ನೆ ಹಾಕಿದ್ದು."

"ಮಾಡಿದ್ದೆ. ಎಸ್ಕಿಲ್‌ನ ಊಟದ ಡಬ್ಬೀನ ಕಸದ ಬುಟ್ಟಿಗೆ ಹಾಕಿದ್ದೆ. ನೀವು ನೋಡ್ಲಿಲ್ಲ." ಅವಳು ಅಂಗೈ ತೆಗೆದಳು. "ಸೊನ್ನೆ ಬರೀರಿ."

ಸಿಗ್ನೆ ಹುಡುಗಿಯ ಮುಖ ನೋಡಿದಳು. ಆಮೇಲೆ ಒಂದನ್ನು ಹೊಡೆದು ಸೊನ್ನೆ ಬರೆದು, ಮುಂದಿನ ಚೀಟಿ ಎಳೆದುಕೊಂಡಳು.