ನೀರು ಬಿಟ್ಟ ಕೈ

“ಕೈ ಹೋದ ಕಡೆ ಬಾಯಿ ಯಾಕೆ ಬರಲಿಲ್ಲ?”

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಬೋರಲು ಹಾಕಿದ್ದ ಸ್ಟೀಲ್ ಬಟ್ಟಲನ್ನೇ ಕೇಳಿದಂತೆ ಕೇಳಿ ಟೀಚರಮ್ಮ ಒಲೆ ಆರಿಸಿದರು. ಮೂವತ್ತು ವರ್ಷ ಚರ್ಚಿನಲ್ಲಿ ಭಾನುವಾರದ ಧರ್ಮಪಾಠ ಹೇಳಿಕೊಟ್ಟವರು. ಜಪ, ಕೀರ್ತನೆ ಎಲ್ಲ ನಾಲಿಗೆಯ ತುದಿಯಲ್ಲಿ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಒಂದಕ್ಷರ ತಪ್ಪುತ್ತಿರಲಿಲ್ಲ.

ನಿನ್ನೆ ಬೆಳಿಗ್ಗೆ ಮಗಳಿಗೆ ದಿನ ತುಂಬುವ ಮೊದಲೇ ಮನೆಯಲ್ಲೇ ಹೆರಿಗೆಯಾಗಿತ್ತು. ಆಸ್ಪತ್ರೆಯ ಗಾಡಿ ಬರುವ ಮುಂಚೆ ಪಕ್ಕದ ಮನೆಯ ನರ್ಸಮ್ಮ ಓಡಿ ಬಂದಿದ್ದಳು. ಅಂಗೈಯಗಲದ ಗಂಡು ಕೂಸು. ಒಂದು ಉಸಿರು ಬಂದರೆ ಇನ್ನೊಂದು ಬಂದೀತೆಂಬ ಭರವಸೆಯಿಲ್ಲ. ಸಾವು ಹೊಸ್ತಿಲಲ್ಲಿ ನಿಂತಾಗ ಪಾದ್ರಿಗಳಿಗಾಗಿ ಕಾಯಬೇಕಿಲ್ಲ, ಕೂಸನ್ನು ದೇವರ ಮಡಿಲಿಗೆ ಸೇರಿಸುವ ಜ್ಞಾನಸ್ನಾನವನ್ನು ಯಾರು ಬೇಕಾದರೂ ಕೊಡಬಹುದು. ಟೀಚರಮ್ಮ ಬಟ್ಟಲೆತ್ತಿ ನೆತ್ತಿಗೆ ಮೂರು ಸಲ ನೀರು ಬಿಟ್ಟರು. ಜೊತೆಗೆ ಹೇಳಬೇಕಾದ ಮಾತು ಮಾತ್ರ ಹೊರಡಲಿಲ್ಲ, ಗಂಟಲು ಕಟ್ಟಿತು. ಅವರ ಮುಖ ನೋಡಿ ನರ್ಸಮ್ಮನೇ ಪಿತನ, ಸುತನ, ಪವಿತ್ರಾತ್ಮರ ಹೆಸರು ಹೇಳಿ ಮುಗಿಸಿಬಿಟ್ಟಳು. ನೀರು ಬಿಟ್ಟವರೇ ಮಾತೂ ಹೇಳಬೇಕು, ಇಬ್ಬರು ಹಂಚಿಕೊಂಡರೆ ಅದು ಸಂಸ್ಕಾರವಾಗದು. ಅದು ಹೊಳೆದು ಮತ್ತೆ ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ಕೂಸು ತಣ್ಣಗಾಗಿತ್ತು.

ನರ್ಸಮ್ಮನ ದನಿ ಮಗಳ ಕಿವಿಗೂ ಬಿದ್ದಿತ್ತು. ನಿಯಮವೂ ಅವಳಿಗೆ ಗೊತ್ತು; ಅಮ್ಮನ ಹತ್ತಿರವೇ ಕಲಿತವಳು. ಆದರೂ ನೋಡಲು ಬಂದವರಿಗೆಲ್ಲ, ನನ್ನ ಮಗ ಜ್ಞಾನಸ್ನಾನ ಪಡೆದೇ ಹೋದ ಎಂದು ಹೇಳುತ್ತಿದ್ದಳು. ಹಾಗೆ ಹೇಳುವಾಗ ತಾಯಿಯ ಕಡೆ ನೋಡುತ್ತಿರಲಿಲ್ಲ.

ಅಳಿಯ ಕೂಸಿನ ಶವಪೆಟ್ಟಿಗೆಯ ಅಳತೆ ಕೊಡಲು ಬಡಗಿಯ ಹತ್ತಿರ ಹೋಗಿದ್ದಾಗ ಪಾದ್ರಿ ಬಂದರು. ಅವರೂ ಟೀಚರಮ್ಮನ ಶಿಷ್ಯರೇ. ಹಾಸಿಗೆಯ ಪಕ್ಕ ಕುಳಿತು, ಮಗಳ ತಲೆ ಸವರಿ, ದೇವರ ಕರುಣೆ ನಮ್ಮ ವಿಧಿಗಳಿಗಿಂತ ದೊಡ್ಡದು ಅಂದರು. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಕಣ್ಣೆಲ್ಲ ಅವರ ತೊಡೆಯ ಮೇಲಿದ್ದ ಜ್ಞಾನಸ್ನಾನದ ದಾಖಲೆ ಪುಸ್ತಕದ ಮೇಲೆ. ಅದರಲ್ಲಿ ಮಗನ ಹೆಸರು ಬರೆದರೆ ಸಾಕಿತ್ತು.

“ಬರೆಯೋ ಮುಂಚೆ ಕೇಳಲೇಬೇಕು,” ಎಂದು ಪಾದ್ರಿ ಪೆನ್ನಿನ ಮುಚ್ಚಳ ತೆಗೆದರು. “ನೀರು ಬಿಟ್ಟೋರು ಯಾರು, ಮಾತು ಹೇಳಿದೋರು ಯಾರು? ಇದೇ ಪಾಠ ತಪ್ಪಿದ್ದಕ್ಕೆ ನೀವು ನನ್ನ ಕಿವಿ ಹಿಂಡಿದ್ರಿ ಟೀಚರಮ್ಮ. ಇನ್ನೂ ಕೆಂಪಗಿದೆ ನೋಡಿ.”

“ಎರಡೂ ಅಮ್ಮನೇ ಫಾದರ್,” ಅಂದಳು ಮಗಳು.

ಪಾದ್ರಿ ಬರೆಯಲಿಲ್ಲ, ಟೀಚರಮ್ಮನ ಕಡೆ ತಿರುಗಿದರು. ಹೊದಿಕೆಯೊಳಗಿಂದ ಒಂದು ಕೈ ಬಂದು ಟೀಚರಮ್ಮನ ಸೆರಗು ಹಿಡಿಯಿತು. ಚಿಕ್ಕಂದಿನಲ್ಲಿ ಜಾತ್ರೆಯ ಜನದ ನಡುವೆ ಹಿಡಿಯುತ್ತಿದ್ದ ಹಾಗೆಯೇ, ಮುಷ್ಟಿ ತುಂಬ.

“ಹೂಂ ಅನ್ನು ಅಮ್ಮ. ಒಂದೇ ಒಂದು ಹೂಂ.”

ನಿನ್ನೆ ಕಟ್ಟಿದ್ದ ಗಂಟಲು ಇವತ್ತು ಕಟ್ಟಲಿಲ್ಲ. ಟೀಚರಮ್ಮ ಆ ಮುಷ್ಟಿಯ ಮೇಲೆ ತಮ್ಮ ಕೈಯಿಟ್ಟರು.

“ಅನ್ನಲ್ಲ ಮಗಳೇ.”