ಆಣೆ ಇಡದ ಕೈ

ಅಂಜಿನವ್ವ ಮಗಳ ಎಡಗಡೆಯ ಜಡೆ ಹೆಣೆದು, ಕೆಂಪು ರಿಬ್ಬನ್ನಿನ ಗಂಟು ಬಿಗಿದು, ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿಕೊಂಡಿದ್ದಳು. ಅಷ್ಟರಲ್ಲಿ ಬಾಗಿಲ ಮುಂದೆ ಬೈಕೊಂದು ನಿಂತ ಸದ್ದಾಯಿತು. ಅದರ ಹಿಂದೆಯೇ ಬಿಳಿ ಕಾರು. ಆವರಗೆರೆಯ ಆ ಓಣಿಗೆ ಬೆಳಗಿನ ಏಳೂವರೆಗೆ ಕಾರು ಬಂತೆಂದರೆ ಯಾರಿಗೋ ಹೆರಿಗೆ ನೋವು ಎಂದರ್ಥ, ಇಲ್ಲವೆ ಸಾವು.

ಬೈಕಿನಿಂದ ಇಳಿದವನು ಹೆಡ್ ಕಾನ್‌ಸ್ಟೇಬಲ್ ಗುರುಮೂರ್ತಿ. ಕಾರಿನಲ್ಲಿದ್ದವರು ನಿಜಲಿಂಗಪ್ಪ ಬಡಾವಣೆಯ ಭಾಗ್ಯಲಕ್ಷ್ಮಿ ಅಮ್ಮಾರು. ಅವರ ಮನೆಯಲ್ಲಿ ಅಂಜಿನವ್ವ ಆರು ವರ್ಷದಿಂದ ಪಾತ್ರೆ ತೊಳೆದು ನೆಲ ಒರೆಸುತ್ತಿದ್ದಳು. ಅಮ್ಮಾರು ಕಾರಿನಿಂದ ಇಳಿಯಲಿಲ್ಲ, ಗಾಜನ್ನೂ ಇಳಿಸಲಿಲ್ಲ.

ಗುರುಮೂರ್ತಿ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ವಿಷಯ ಹೇಳಿದ. ಅಮ್ಮಾರ ಮಗಳ ಬಂಗಾರದ ಜುಮುಕಿ ಮೊನ್ನೆಯಿಂದ ಕಾಣುತ್ತಿಲ್ಲ. ಇದ್ದದ್ದು ಮಲಗುವ ಕೋಣೆಯ ಕನ್ನಡಿಯ ಕೆಳಗೆ. ಆ ಕೋಣೆಗೆ ಹೋಗುವ ಹೊರಗಿನವಳು ಒಬ್ಬಳೇ. ಸ್ಟೇಷನ್ನಿಗೆ ಬಂದು ನಾಲ್ಕು ಮಾತು ಹೇಳಿ ಒಂದು ಸಹಿ ಹಾಕಿದರೆ ಮುಗಿಯಿತು.

“ನಡಿಯಮ್ಮ. ಜಡೆ ಆಮ್ಯಾಲೆ ಹಾಕಿದ್ರಾತು. ಕೂದ್ಲೇನು ಓಡಿ ಹೋಗಲ್ಲ” ಅಂದ.

ಅಂಜಿನವ್ವನ ಬೆರಳುಗಳು ಮಗಳ ಕೂದಲಲ್ಲೇ ಉಳಿದವು. ಒಂಬತ್ತು ವರ್ಷದ ಸಹನಾ ಕತ್ತು ತಿರುಗಿಸಿ ಅವ್ವನ ಮುಖ ನೋಡಿದಳು. ಕೆಲಸ ಹೋದರೆ ಹೋಗಲಿ, ಓಣಿಯವರು ಏನಾದರೂ ಆಡಿಕೊಳ್ಳಲಿ, ಈ ಕೂಸು ಮಾತ್ರ ನನ್ನನ್ನು ಕಳ್ಳಿ ಅಂದುಕೊಳ್ಳಬಾರದು ಎಂದು ಅಂಜಿನವ್ವ ಆ ಗಳಿಗೆಯಲ್ಲೇ ದೇವರನ್ನು ಬೇಡಿಕೊಂಡಳು. ಆಮೇಲೆ ನಡೆದದ್ದರಲ್ಲೆಲ್ಲ ಅವಳು ಕಾಯ್ದುಕೊಳ್ಳಬೇಕೆಂದಿದ್ದು ಅದೊಂದನ್ನೇ.

ಪಕ್ಕದ ಮನೆಯ ದಿಲ್ಷಾದ್ ಬೇಗಂ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡು ತಂಗಿಯ ಮಗಳು ಫಿರ್ದೌಸಳಿಗೆ ಫೋನು ಹಚ್ಚಿದ್ದಳು. ಫಿರ್ದೌಸ್ ವಕೀಲೆ. ಬಡವರ ಪರವಾಗಿ ಕೋರ್ಟಿನವರೇ ನೇಮಿಸಿ ಕೊಡುವ ಪುಕ್ಕಟೆ ವಕೀಲರಲ್ಲಿ ಅವಳೂ ಒಬ್ಬಳು. ಇಪ್ಪತ್ತು ನಿಮಿಷದಲ್ಲಿ ಸ್ಕೂಟಿಯ ಕೊಕ್ಕೆಗೆ ಊಟದ ಡಬ್ಬಿ ನೇತುಹಾಕಿಕೊಂಡು ಬಂದಳು. ಬಂದವಳೇ, ಹೆಂಗಸರನ್ನು ಸ್ಟೇಷನ್ನಿಗೆ ಕರೆಯುವಂತಿಲ್ಲ, ಕೇಳುವುದಿದ್ದರೆ ಮಹಿಳಾ ಪೊಲೀಸರ ಜೊತೆ ಇಲ್ಲಿಗೇ ಬಂದು ಕೇಳಬೇಕು ಎಂದಳು. ನೋಟಿಸು ಎಲ್ಲಿ ಎಂದು ಕೇಳಿದಳು.

“ಕಾನೂನು ನಮಗೂ ಗೊತ್ತೈತ್ರಿ ಮೇಡಂ. ನಾವೂ ಪರೀಕ್ಷೆ ಪಾಸಾಗೇ ಬಂದೀವಿ” ಎಂದು ಗುರುಮೂರ್ತಿ ನಕ್ಕು, ಬೈಕು ಹತ್ತಿ ಹೋದ. ಕಾರೂ ಹಿಂದೆಯೇ ಹೋಯಿತು.

ಅವನು ಹೋದ ಮೇಲೆ ಅಂಜಿನವ್ವ ಒಂದೊಂದಾಗಿ ಕೇಳಿದಳು. ಸಹಿ ಹಾಕು ಅಂದರೆ ಹಾಕಬೇಕೇ? ಬೇಡ, ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಬೇಕಿಲ್ಲ. ಹಿಡಿದುಕೊಂಡು ಹೋದರೆ? ಯಾಕೆ ಅಂತ ತಿಳಿಸಬೇಕು, ಮನೆಯವರಿಗೆ ಹೇಳಬೇಕು, ಇಪ್ಪತ್ತನಾಲ್ಕು ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಲಿಸಬೇಕು. ಕಡೆಗೆ ಕೇಳಲೋ ಬೇಡವೋ ಎಂಬಂತೆ ಇನ್ನೊಂದು ಕೇಳಿದಳು.

“ನಾ ಬಾಯಿ ಮುಚ್ಕಂಡು ಕುಂತ್ರೆ ಕಳ್ಳಿ ಅಂತ ಆಗಂಗಿಲ್ಲೇನವ್ವ?”

“ಕಾನೂನಿನ ಮುಂದೆ ಆಗಲ್ಲ ಅಕ್ಕ. ಸುಮ್ಮನಿರೋದು ನಿಮ್ಮ ಹಕ್ಕು. ಕದ್ದಿದ್ದೀರಿ ಅಂತ ತೋರಿಸೋದು ಅವರ ಕೆಲಸ. ಕದ್ದಿಲ್ಲ ಅಂತ ತೋರಿಸೋದು ನಿಮ್ಮ ಕೆಲಸ ಅಲ್ಲ.”

ಇಷ್ಟು ಚೆಂದದ ಮಾತನ್ನು ಅಂಜಿನವ್ವನಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಪಾತ್ರೆ ತೊಳೆಯುತ್ತ ಅದನ್ನೇ ಬಾಯಲ್ಲಿ ಹೇಳಿಕೊಂಡಳು.

ಹನ್ನೊಂದಕ್ಕೆ ಗುರುಮೂರ್ತಿ ಮತ್ತೆ ಬಂದ. ಈ ಸಲ ಕೈಯಲ್ಲಿ ನೋಟಿಸಿತ್ತು, ಜೊತೆಗೆ ಮಹಿಳಾ ಪೊಲೀಸಿನವಳೂ ಇದ್ದಳು. ಎಲ್ಲವೂ ಕಾನೂನಿನಂತೆಯೇ ನಡೆಯಿತು. ಅಕ್ಕಿ ಡಬ್ಬಿ ಬೋರಲಾಯಿತು. ಹಾಸಿಗೆಯ ಹೊಲಿಗೆ ಬಿಚ್ಚಿತು. ಸಹನಾಳ ಶಾಲೆಯ ಚೀಲವನ್ನು ನೆಲಕ್ಕೆ ಸುರಿದು ಪೆನ್ಸಿಲ್ ಡಬ್ಬಿ ತೆಗೆದು ನೋಡಿದರು. ಆಮೇಲೆ ಆ ಹೆಂಗಸು ಹುಡುಗಿಯನ್ನು ಹತ್ತಿರ ಕರೆದು, ಮಕ್ಕಳ ಜಡೆಯಲ್ಲೂ ಬಚ್ಚಿಡುವವರನ್ನು ನೋಡಿದ್ದೇನೆ ಎನ್ನುತ್ತ, ಹೆಣೆದಿದ್ದ ಆ ಒಂದು ಜಡೆಯನ್ನೂ ಬಿಚ್ಚಿದಳು. ರಿಬ್ಬನ್ನನ್ನು ಮಡಚಿ ಸಹನಾಳ ಕೈಗೇ ಕೊಟ್ಟಳು. ಒರಟಾಗಿ ಎಳೆದಿದ್ದರೆ ಅತ್ತುಬಿಡುತ್ತಿದ್ದಳೋ ಏನೋ. ಹುಡುಗಿ ಅಳಲಿಲ್ಲ.

ಏನೂ ಸಿಗಲಿಲ್ಲ.

ಮರುದಿನ ಅಮ್ಮಾರ ಗಂಡ ದಿನೇಶ್ ಅವರಿಂದ ಮಾತು ಬಂತು. ಅದನ್ನು ತಂದವಳು ಅಂಜಿನವ್ವನ ಅತ್ತೆ ತಿಮ್ಮವ್ವ. ಕೋರ್ಟು ಕಚೇರಿ ಯಾರಿಗೂ ಬೇಡ. ಭಾನುವಾರ ಹರಿಹರದ ಹೊಳೆಗೆ ಬರಲಿ. ಮೂರು ಮುಳುಗು ಹಾಕಿ, ಅಂಗೈಯಲ್ಲಿ ಕರ್ಪೂರ ಉರಿಸಿ, ಮಗಳ ತಲೆಯ ಮೇಲೆ ಕೈಯಿಟ್ಟು ‘ನಾನು ತಗೊಂಡಿಲ್ಲ’ ಅನ್ನಲಿ. ಅಂದರೆ ನಂಬುತ್ತೇವೆ, ಕೇಸು ರಾಜಿ ಮಾಡಿಕೊಳ್ಳುತ್ತೇವೆ, ಸೋಮವಾರದಿಂದ ಕೆಲಸಕ್ಕೂ ಬರಲಿ.

ಓಣಿಯವರೆಲ್ಲ ದೊಡ್ಡ ಮನೆಯವರ ದೊಡ್ಡ ಗುಣ ಎಂದರು. ಫಿರ್ದೌಸ್ ಮಾತ್ರ, ಹೋಗಲೇಬೇಕೆಂದೇನಿಲ್ಲ, ಹೊಳೆಯಲ್ಲಿ ಮಾಡಿದ ಆಣೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ ಎಂದಳು. ಸಹನಾ, ಭಾನುವಾರಕ್ಕೆ ಯಾವ ಫ್ರಾಕು ಹಾಕಿಕೊಳ್ಳಲಿ ಎಂದಷ್ಟೇ ಕೇಳಿದಳು. ಅವಳ ಮುಖದಲ್ಲಿ ಎರಡು ದಿನದ ಮೇಲೆ ನಗು ಬಂದಿತ್ತು.

ಅಂಜಿನವ್ವ ಅಂದು ತಟ್ಟೆ ಸರಿಸಿ ಎದ್ದಳು. ಸಹನಾಳಿಗಿಂತ ಮೊದಲು ಅವಳಿಗೊಬ್ಬ ಮಗನಿದ್ದ, ಸಿದ್ದೇಶ. ಅವನಿಗೆ ಎರಡು ವರ್ಷವಿದ್ದಾಗ ನಾದಿನಿಯ ಬೆಳ್ಳಿ ಕಾಲ್ಗೆಜ್ಜೆ ಕಳೆದುಹೋಯಿತು. ಹೊರಗಿನಿಂದ ಬಂದವಳು ಸೊಸೆಯೊಬ್ಬಳೇ ತಾನೆ. ಮಗನ ತಲೆ ಮುಟ್ಟಿ ಹೇಳು ಎಂದರು. ಗೆಜ್ಜೆಯನ್ನು ಕಣ್ಣಿನಿಂದಲೂ ನೋಡಿರದ ಅಂಜಿನವ್ವ, ಸತ್ಯಕ್ಕೇನು ಭಯ ಎಂದು, ಸಿದ್ದೇಶನ ಮೆತ್ತನೆಯ ನೆತ್ತಿಯ ಮೇಲೆ ಕೈಯಿಟ್ಟು ಹೇಳಿದಳು. ಒಂಬತ್ತನೆಯ ದಿನ ಮಗುವಿಗೆ ಜ್ವರ ಬಂತು. ಹನ್ನೆರಡನೆಯ ದಿನ ಮಗು ಇರಲಿಲ್ಲ. ಅಳಲು ಬಂದವರಿಗೆಲ್ಲ ತಿಮ್ಮವ್ವ, ಸುಳ್ಳು ಆಣೆ ಮೊಮ್ಮಗನನ್ನು ತಿಂದಿತು ಎಂದು ಹೇಳಿ ಕಳಿಸಿದಳು. ಗೆಜ್ಜೆ ಕಡೆಗೂ ಸಿಗಲಿಲ್ಲ. ತಾನು ಹೇಳಿದ್ದು ನಿಜವೆಂದು ಬಲ್ಲವಳು ಜಗತ್ತಿನಲ್ಲಿ ಅಂಜಿನವ್ವ ಒಬ್ಬಳೇ. ಆ ನಿಜವೂ ಮಗುವನ್ನು ಉಳಿಸಲಿಲ್ಲವೆಂದು ಬಲ್ಲವಳೂ ಅವಳೇ. ಸಹನಾಳಿಗೆ, ನಿನಗೊಬ್ಬ ಅಣ್ಣನಿದ್ದ, ದೇವರು ಕರೆದುಕೊಂಡ ಎಂದಷ್ಟೇ ಹೇಳಿದ್ದರು.

ಗಂಡ ಎರ್ರಿಸ್ವಾಮಿ ಲಾರಿ ತೆಗೆದುಕೊಂಡು ಪುಣೆಯ ಕಡೆ ಹೋಗಿದ್ದ. ಫೋನಿನಲ್ಲಿ ಎಲ್ಲ ಕೇಳಿ, ಕೈ ಇಟ್ಟು ಮುಗಿಸಿಬಿಡು ಎಂದ. ಸಿದ್ದೇಶನಿಗೆ ಗುಂಡಿ ತೋಡಿದವನು ಅವನೇ. ಅಂಜಿನವ್ವ ಫೋನಿಟ್ಟಳು.

ತನ್ನ ಮೇಲೆಯೇ ಆಣೆ ಇಟ್ಟುಕೊಂಡರೆ ಒಪ್ಪಿಯಾರು ಎಂಬ ಆಸೆಯಿಂದ ಅವಳು ಭಾನುವಾರ ಹರಿಹರದ ಬಸ್ಸು ಹತ್ತಿದಳು. ಹೊಳೆಯಲ್ಲಿ ನೀರು ಕಡಿಮೆಯಿತ್ತು. ಬಟ್ಟೆ ಒಗೆಯುವವರು ಕೈ ನಿಲ್ಲಿಸಿ ನೋಡಿದರು. ಭಾಗ್ಯಲಕ್ಷ್ಮಿ ಅಮ್ಮಾರು ಸೀರೆ ಒದ್ದೆಯಾಗದಂತೆ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದರು. ಅಂಜಿನವ್ವ ಮೂರು ಮುಳುಗು ಹಾಕಿ ಎದ್ದಳು. ತಿಮ್ಮವ್ವ ಅವಳ ಎಡ ಅಂಗೈಯಲ್ಲಿ ಕರ್ಪೂರವಿಟ್ಟು ಕಡ್ಡಿ ಗೀರಿದಳು.

“ನನ್ ಕಣ್ಣು ಇಂಗಿ ಹೋಗ್ಲಿ, ಈ ಕೈ ಕೊಳೀಲಿ. ನಾ ತಗಂಡಿಲ್ಲ ಅಮ್ಮಾರೆ.”

“ನಿನ್ನ ಕಣ್ಣು ತಗೊಂಡು ನಾವೇನು ಮಾಡೋಣ ಅಂಜಿನಮ್ಮ? ಮಾತು ಆಗಿದ್ದು ಮಗಳ ತಲೆ ಮೇಲೆ” ಎಂದರು ಅಮ್ಮಾರು.

ಸಹನಾಳನ್ನು ಯಾರೂ ಕರೆಯಬೇಕಾಗಲಿಲ್ಲ. ಮೊಣಕಾಲಿನ ನೀರಿನಲ್ಲಿ ತಾನೇ ನಡೆದು ಬಂದು ಅವ್ವನ ಮುಂದೆ ನಿಂತಳು. ಮೆಟ್ಟಿಲ ಮೇಲಿದ್ದವರನ್ನು ಒಮ್ಮೆ ನೋಡಿದಳು, ಈಗ ಗೊತ್ತಾಗುತ್ತದೆ ನಿಮಗೆ ಎನ್ನುವ ಹಾಗೆ. ಆಮೇಲೆ ತಲೆ ಬಗ್ಗಿಸಿದಳು.

ಬೈತಲೆ ನೇರವಾಗಿತ್ತು. ಬೆಳಿಗ್ಗೆ ಅಂಜಿನವ್ವನೇ ತೆಗೆದದ್ದು. ಅವಳ ಬಲಗೈ ಮೇಲೆದ್ದಿತು, ಆ ನೆತ್ತಿಯಿಂದ ಗೇಣು ದೂರದಲ್ಲಿ ನಿಂತಿತು. ಒದ್ದೆ ತೋಳಿನ ನೀರು ಹುಡುಗಿಯ ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಎಡಗೈಯಲ್ಲಿ ಕರ್ಪೂರ ಚರ್ಮ ಸುಡುತ್ತಿತ್ತು, ಅದು ಅವಳಿಗೆ ತಿಳಿಯಲಿಲ್ಲ. ಕರ್ಪೂರ ಉರಿದು ಮುಗಿಯುವವರೆಗೂ ಹುಡುಗಿ ತಲೆ ಎತ್ತದೆ ಕಾದಳು. ಕೈ ಕೆಳಗಿಳಿಯಿತು, ಆದರೆ ತಲೆಯ ಮೇಲಲ್ಲ.

“ನಾ ಕೋರ್ಟ್‌ನಾಗ ಹೇಳ್ತೀನಿ” ಅಂದಳು ಅಂಜಿನವ್ವ. “ಸುಮ್ನಿರೋದು ನನ್ ಹಕ್ಕು.”

ಬಟ್ಟೆ ಒಗೆಯುವವರಲ್ಲಿ ಯಾರೋ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿಯೂ ಇರಲಿಲ್ಲ, ಎಲ್ಲರೂ ಅವಳ ಹೆಗಲನ್ನೇ ನೋಡುತ್ತಿದ್ದರು.

“ಒಂದು ಸಲ ಆಣೆ ತಿಂದ ಬಾಯಿ. ಅದರ ರುಚಿ ಗೊತ್ತೈತೆ ಅದಕ್ಕೆ” ಎಂದಳು ತಿಮ್ಮವ್ವ.

ಭಾಗ್ಯಲಕ್ಷ್ಮಿ ಅಮ್ಮಾರು ಬೈಯಲಿಲ್ಲ, ಕೂಗಲಿಲ್ಲ. “ಸಾಕು ಬಿಡಿ. ಮಗೂಗೆ ನೆಗಡಿ ಆಗತ್ತೆ, ತಲೆ ಒರೆಸು” ಎಂದು ಹೇಳಿ ಮೆಟ್ಟಿಲು ಹತ್ತಿದರು.

ಅಂಜಿನವ್ವ ಸೆರಗು ಹಿಂಡಿ ಮುಂದೆ ಬರುವಷ್ಟರಲ್ಲಿ ಸಹನಾ ತನ್ನ ಫ್ರಾಕಿನ ಅಂಚಿನಿಂದಲೇ ಮುಖ ಒರೆಸಿಕೊಂಡಿದ್ದಳು. ದಾವಣಗೆರೆಯ ಬಸ್ಸಿನಲ್ಲಿ ಅಜ್ಜಿಯ ಪಕ್ಕ ಕುಳಿತಳು.

ಆ ವಾರದಲ್ಲೇ ದೇವರಾಜ ಅರಸು ಬಡಾವಣೆಯಲ್ಲಿ ಅವಳು ಕೆಲಸಕ್ಕೆ ಹೋಗುತ್ತಿದ್ದ ಇನ್ನೆರಡು ಮನೆಯವರೂ ಇನ್ನು ಬರಬೇಡ ಎಂದರು. ಶಾಲೆಯಲ್ಲಿ ಸಹನಾ ಬಂದರೆ ಪಕ್ಕದವರು ಕಂಪಾಸ್ ಡಬ್ಬಿ ಎತ್ತಿಟ್ಟುಕೊಳ್ಳುತ್ತಾರೆ ಎಂಬ ಸುದ್ದಿ ದಿಲ್ಷಾದ್ ಬೇಗಂಳ ಮೊಮ್ಮಗಳಿಂದ ಬಂತು. ಸಹನಾ ಅದನ್ನು ಹೇಳಲಿಲ್ಲ. ಬೆಳಿಗ್ಗೆ ತಾನೇ ಕನ್ನಡಿಯ ಮುಂದೆ ನಿಂತು ಬಾಚಿಕೊಳ್ಳತೊಡಗಿದ್ದಳು. ಬೈತಲೆ ಸೊಟ್ಟ, ಜಡೆ ಒಂದು ಮೇಲೆ ಒಂದು ಕೆಳಗೆ. ಅಂಜಿನವ್ವ ಸುಟ್ಟ ಅಂಗೈಗೆ ಎಣ್ಣೆ ಹಚ್ಚುತ್ತ ದೂರದಿಂದ ನೋಡುತ್ತಿದ್ದಳು. ಮಕ್ಕಳ ಮುನಿಸು ಇಳಿಯಲು ಹೊತ್ತು ಬೇಕು ಎಂದು ಕಾದಳು.

ಮುಂದಿನ ತಿಂಗಳು ಒಂದು ಬೆಳಿಗ್ಗೆ ಫಿರ್ದೌಸ್ ಫೋನು ಮಾಡಿದಳು. ಸಾಕ್ಷಿಯಿಲ್ಲ, ಪೊಲೀಸರು ಕೇಸು ಮುಚ್ಚಲು ಬಿ ರಿಪೋರ್ಟ್ ಹಾಕುತ್ತಿದ್ದಾರೆ. ಆವತ್ತು ಬಾಯಿ ಬಿಡದೆ ಇದ್ದದ್ದು ಬಹಳ ಒಳ್ಳೆಯದಾಯಿತು ಅಕ್ಕ, ನೀವು ಗೆದ್ದಿರಿ ಎಂದಳು.

ಅಂಜಿನವ್ವ ಬಾಚಣಿಗೆ ಹಿಡಿದು ಬಂದಳು. ಇವತ್ತೊಂದು ದಿನ ನಾನು ಹೆಣೆಯುತ್ತೇನೆ ಬಾ ಎಂದಳು. ಸಹನಾ ಬಂದು ಕುಳಿತಳು. ಅಂಜಿನವ್ವ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬೈತಲೆ ತೆಗೆದು, ನನ್ನ ಮೇಲೆ ಏನೂ ಇಲ್ಲ ಅಂತ ಪೊಲೀಸರೇ ಬರೆದು ಕೊಡುತ್ತಾರಂತೆ ಎಂದು ಆದಷ್ಟು ಹಗುರವಾಗಿ ಹೇಳಿದಳು. ಎಡಗಡೆಯ ಜಡೆ ಮುಗಿಯಿತು, ರಿಬ್ಬನ್ನಿನ ಗಂಟೂ ಬಿತ್ತು. ಬಲಗಡೆಯ ಕೂದಲು ಮೂರು ಪಾಲಾಗುತ್ತಿದ್ದಾಗ ಸಹನಾ ಕೈಯೆತ್ತಿ ಅವ್ವನ ಬಲಗೈಯನ್ನು ಹಿಡಿದಳು, ಮೆಲ್ಲಗೆ ಎಳೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

ಕೆಂಡ ಮುಟ್ಟಿದಂತೆ ಅಂಜಿನವ್ವ ಕೈ ಕಿತ್ತುಕೊಂಡಳು.

ಸಹನಾ ತಿರುಗಲಿಲ್ಲ. ಎದುರಿನ ಗೋಡೆಯನ್ನೇ ನೋಡುತ್ತ ಕೇಳಿದಳು:

“ಅವ್ವಾ, ನೀ ಕದ್ದಿಲ್ಲ ಅಂದ್ರೆ, ನನ್ ತಲಿ ಮ್ಯಾಲೆ ಕೈ ಇಡಾಕೆ ಯಾಕ ಅಂಜ್ತಿ?”