ಬಾಯಲ್ಲಿ ಹೇಳಿದ ಉಪವಾಸ

ಸಲೋಮತ್ ಅಯಾಳ ಮನೆಯಲ್ಲಿ ರಂಜಾನಿನ ಉಪವಾಸ ಶುರುವಾಗುತ್ತಿದ್ದುದು ಬಾಯಲ್ಲಿ. ನಸುಕಿನ ಊಟ ಮುಗಿದು ಚಹಾದ ಬಟ್ಟಲುಗಳನ್ನು ಬೋರಲು ಹಾಕಿದ ಮೇಲೆ ಒಬ್ಬೊಬ್ಬರೂ ಎಲ್ಲರಿಗೂ ಕೇಳುವಂತೆ ನಿಯ್ಯತ್, ಅಂದರೆ ಉಪವಾಸದ ಸಂಕಲ್ಪ, ಹೇಳಬೇಕು: ರಂಜಾನಿನ ಈ ದಿನದ ಉಪವಾಸವನ್ನು ಬೆಳಗಿನಿಂದ ಸೂರ್ಯ ಮುಳುಗುವವರೆಗೆ ಹಿಡಿಯಲು ಮನಸ್ಸು ಮಾಡಿದೆ, ಅಲ್ಲಾಹನಿಗಾಗಿ ಮಾತ್ರ. ಮೊದಲು ಮನೆಯ ಹಿರಿಯ ತಾಯಿ, ಅಯಾ. ಆಮೇಲೆ ದೊಡ್ಡ ಮಗ ಇಲ್ಹೋಮ್. ಚುಸ್ತ್ ಪೇಟೆಯಲ್ಲಿ ಚೂರಿ ಮಾಡುವ ಅವನು ಅರ್ಧ ಮಾತು ಹೇಳಿ ಅರ್ಧ ನುಂಗುತ್ತಿದ್ದ. ಆಮೇಲೆ, ಊರಲ್ಲಿದ್ದಾಗ, ಚಿಕ್ಕ ಮಗ ಅಬ್ರೋರ್. ಕೊನೆಗೆ ಇಲ್ಹೋಮನ ಹೆಂಡತಿ ಮುಅತ್ತರ್.

ಸೊಸೆಯ ಸರದಿ ಬಂದಾಗ ಅಯಾ ತಲೆ ಕೊಂಚ ವಾಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಮುಟ್ಟಿನ ದಿನಗಳಲ್ಲಿ ಹೆಂಗಸಿಗೆ ಉಪವಾಸವಿಲ್ಲ. ಆಗ ಮುಅತ್ತರ್ ಸುಮ್ಮನೆ ಕೂರಬೇಕು. ಅವಳು ಸುಮ್ಮನಾದ ಕೂಡಲೇ ಗಂಡ, ಮೈದುನ ಇಬ್ಬರೂ ಕಣ್ಣು ಕೆಳಗೆ ಮಾಡುತ್ತಿದ್ದರು. ಈ ತಿಂಗಳೂ ಬಸಿರಿಲ್ಲ ಎಂಬುದು ರೊಟ್ಟಿಯ ಚೂರುಗಳ ನಡುವೆ ಬಂದು ಬೀಳುತ್ತಿತ್ತು. ಮಧ್ಯಾಹ್ನ ಅಯಾ ತಾನೇ ಚಹಾ ಕಾಸಿ, ದ್ರಾಕ್ಷಿ ಚಪ್ಪರದ ಕೆಳಗೆ ಎಲ್ಲರೆದುರು ಬಟ್ಟಲು ಚಾಚುತ್ತಿದ್ದಳು.

"ಕುಡಿ ಮಗಳೇ. ಬಾಯಾರಿಕೆ ನಮಗೆ. ನಿನಗೇನು."

ಮೂರು ವರ್ಷ ಹೀಗೇ ನಡೆಯಿತು. ಈ ಸಲ ರಂಜಾನಿನ ಚಂದ್ರ ಕಂಡ ಸಂಜೆ ಅಯಾ ಟೋಪಿಗೆ ಕಸೂತಿ ಹಾಕುತ್ತ, ತಲೆ ಎತ್ತದೆ ಹೇಳಿದಳು: "ಹಬ್ಬದವರೆಗೆ ನೋಡ್ತೀನಿ. ನೀರು ಬರದ ಕಡೆ ಎಷ್ಟು ವರ್ಷ ಅಂತ ಬಾವಿ ತೋಡೋದು. ಬೇಕರಿಯ ರಹೀಮಾಗೆ ಮಗಳಿದ್ದಾಳೆ. ಗಟ್ಟಿಮುಟ್ಟಾದ ಹುಡುಗಿ."

ಇಲ್ಹೋಮ್ ಚಹಾ ಊದಿಕೊಂಡು ಕುಡಿದ.

ಎರಡು ವರ್ಷ ಅರಬ್ ನಾಡಿನಲ್ಲಿ ಓದಿ ಆಗಷ್ಟೇ ಮರಳಿದ್ದ ಅಬ್ರೋರ್ ಮೊದಲ ನಸುಕಿನಲ್ಲಿ ಬಾಯಿ ತೆರೆಯಲಿಲ್ಲ. ಅಯಾ ಕಾದಳು.

"ಏನೋ, ನಾಲಿಗೆ ಅಲ್ಲೇ ಬಿಟ್ಟು ಬಂದ್ಯಾ?"

"ನಿಯ್ಯತ್ ಇರೋದು ಎದೆಯೊಳಗೆ ಅಯಾ. ಬಾಯಲ್ಲಿ ಹೇಳಬೇಕಿಲ್ಲ. ಪ್ರವಾದಿಯವರು ಹಾಗೆ ಹೇಳಿದ್ದು ಎಲ್ಲೂ ಇಲ್ಲ. ಇದು ಆಮೇಲೆ ಸೇರಿಸಿದ್ದು."

"ನಿನ್ನ ಅಜ್ಜ ಸೇರಿಸಿದ್ನಾ?"

"ಅಜ್ಜನಿಗೆ ಯಾರು ಹೇಳಿಕೊಟ್ಟರೋ."

"ನೋಡು ಇಲ್ಹೋಮ್, ಎರಡು ವರ್ಷ ಖರ್ಜೂರ ತಿಂದು ಬಂದು ಸತ್ತ ಅಜ್ಜನಿಗೆ ಪಾಠ ಹೇಳ್ತಿದಾನೆ." ಅಯಾ ರೊಟ್ಟಿ ಮುರಿದಳು. "ಎದೆಯೊಳಗಿರೋದು ನನಗೆ ಹೇಗೋ ಗೊತ್ತಾಗಬೇಕು?"

"ನಿಮಗೆ ಗೊತ್ತಾಗೋದು ಬೇಡ ಅಯಾ. ಅಲ್ಲಾಹನಿಗೆ ಗೊತ್ತಾದ್ರೆ ಸಾಕು."

"ಈ ಮನೇಲಿ ಅವನಿಗೆ ಗೊತ್ತಾಗೋದು ನನಗೂ ಗೊತ್ತಾಗಬೇಕು."

ಮುಅತ್ತರ್ ತಟ್ಟೆಯ ಅಂಚನ್ನೇ ನೋಡುತ್ತ ಕೂತಿದ್ದಳು. ಮೈದುನ ಗೆದ್ದರೆ ಈ ಮನೆಯಲ್ಲಿ ಎಲ್ಲರೂ ಸುಮ್ಮನಿರುತ್ತಾರೆ. ಎಲ್ಲರೂ ಸುಮ್ಮನಿದ್ದರೆ ಅವಳ ಮೌನ ಯಾರಿಗೂ ಕಾಣುವುದಿಲ್ಲ. ಹಾಗೆ ಯಾರಾದರೂ ಗೆಲ್ಲಲಿ ಎಂದು ಅವಳು ಬೇಡಿಕೊಂಡದ್ದು ಅದೇ ಮೊದಲು.

"ಹೊರಗೂ ಇದೇ ಮಾತು ಆಡು," ಅಯಾ ತಣ್ಣಗೆ ಹೇಳಿದಳು. "ಗಡ್ಡ ಬೇರೆ ಬಿಟ್ಟಿದ್ದೀಯ. ಹೊರಗಿನ ಮತ ತಂದವನೆ ಅಂತ ಬೀದಿಯ ಯಜಮಾನ ಠಾಣೆಗೆ ಒಂದು ಮಾತು ಹಾಕ್ತಾನೆ. ಆಮೇಲೆ ಎದೆಯೊಳಗಿರೋದನ್ನ ಅವರೇ ಕೇಳಿ ತಿಳ್ಕೋತಾರೆ."

ಅಬ್ರೋರ್ ಅತ್ತಿಗೆಯ ಕಡೆ ನೋಡಲಿಲ್ಲ, ಅಣ್ಣನ ಕಡೆಯೂ ನೋಡಲಿಲ್ಲ. ಬಾಯಿಬಿಟ್ಟು ನಿಯ್ಯತ್ ಹೇಳಿದ, ಶುದ್ಧ ಅರಬ್ಬಿ ಉಚ್ಚಾರದಲ್ಲಿ.

ತಿಂಗಳ ನಡುವೆ ಒಂದು ನಸುಕಿನಲ್ಲಿ ಮುಅತ್ತರಳಿಗೆ ರಕ್ತ ಕಂಡಿತು. ಅವಳು ಮುಖ ತೊಳೆದು ಬಂದು ಊಟ ಬಡಿಸಿದಳು. ಸರದಿ ಬಂತು. ಅಯಾ ತಲೆ ವಾಲಿಸಿದಳು.

ಮುಅತ್ತರ್ ಹೇಳಿದಳು. ಒಂದು ಅಕ್ಷರವೂ ತಪ್ಪಲಿಲ್ಲ.

ಆ ಮಧ್ಯಾಹ್ನ ಅವಳು ರೊಟ್ಟಿ ಸುಡುವ ಒಲೆಯ ಹಿಂದೆ ಅವಿತು, ರೊಟ್ಟಿಯ ಒಣಗಿದ ಅಂಚನ್ನು ನೀರಲ್ಲಿ ನೆನೆಸಿ ನುಂಗಿದಳು. ಮುಟ್ಟಾದವಳು ಉಪವಾಸ ಹಿಡಿಯುವುದೂ ಪಾಪ. ಸುಳ್ಳು ಅತ್ತೆಗೆ ಮಾತ್ರ ಇರಲಿ, ಮೇಲಿನವನಿಗೆ ಬೇಡ ಎಂಬುದು ಅವಳ ಲೆಕ್ಕ. ಮುಟ್ಟು ನಿಲ್ಲುವವರೆಗೂ ಹೀಗೆಯೇ ಹೇಳಿದಳು, ಹೀಗೆಯೇ ನುಂಗಿದಳು. ಹಬ್ಬ ದಾಟಿದರೆ ಸಾಕಿತ್ತು.

ಅಯಾ ಏನನ್ನೂ ಕೇಳಲಿಲ್ಲ. ತಿಂಗಳ ಕೊನೆಯಲ್ಲಿ ಒಂದು ನಸುಕು ತನ್ನ ಬೆನ್ನಿನ ದಿಂಬು ತೆಗೆದು ಸೊಸೆಯ ಬೆನ್ನಿಗಿಟ್ಟಳು. ಕೆನೆಯ ಬಟ್ಟಲನ್ನು ಅವಳ ಕಡೆ ತಳ್ಳಿದಳು.

"ತಿನ್ನು. ಈ ತಿಂಗಳು ಒಂದು ದಿನಾನೂ ಬಿಟ್ಟಿಲ್ಲ ನೀನು. ನನಗೇನು ಕಿವಿ ಇಲ್ವಾ."

ಇಲ್ಹೋಮ್ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಆ ಸಂಜೆ ಪೇಟೆಯಿಂದ ದಾಳಿಂಬೆ ತಂದು, ತನ್ನದೇ ಚೂರಿಯಲ್ಲಿ ಕೊಯ್ದು, ಕಾಳು ಬಿಡಿಸಿ ಅವಳ ಅಂಗೈಗೆ ಹಾಕಿದ. ಮದುವೆಯಾದಾಗಿನಿಂದ ಅವನು ಹಾಗೆ ಮಾಡಿರಲಿಲ್ಲ. ಅವಳು ಇಲ್ಲ ಅನ್ನಬೇಕಿತ್ತು. ಕಾಳು ಸಿಹಿಯಾಗಿತ್ತು. ತಿಂದಳು.

ಹಬ್ಬದ ದಿನ ಬೀದಿಯ ಹೆಂಗಸರೆಲ್ಲ ಬಂದರು. ಅಯಾ ಬಸಿರು ಎಂಬ ಪದವನ್ನು ಬಾಯಿಗೆ ತರಲಿಲ್ಲ. "ನಮ್ಮ ಸೊಸೆ ತಿಂಗಳಿಡೀ ಒಂದು ಉಪವಾಸ ಬಿಡಲಿಲ್ಲ ನೋಡಿ," ಎಂದಷ್ಟೇ ಅಂದಳು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡು, ಹೊಟ್ಟೆಗೆ ದೃಷ್ಟಿ ತಾಗದಿರಲೆಂದು ಬೇರೆ ಕಡೆ ತಿರುಗಿದರು. ಮೂಲೆಯಲ್ಲಿ ಕೂತಿದ್ದ ಮುಅತ್ತರಳ ತಾಯಿ ಅತ್ತಳು. ಮಾರನೆಯ ದಿನವೇ ಹತ್ತಿರದ ಪಟ್ಟಣ ನಮಂಗಾನಿಗೆ ಹೋಗಿ ಬಡಗಿಗೆ ತೊಟ್ಟಿಲು ಹೇಳಿ ಬಂದಳು.

ಜಾರಿಹೋಯಿತು ಎಂದು ಹೇಳಿಬಿಡುವುದು. ಮುಅತ್ತರ್ ಹಾಗೆಂದು ನಿರ್ಧರಿಸಿದಳು. ಎಷ್ಟೋ ಹೆಂಗಸರಿಗೆ ಜಾರಿಹೋಗುತ್ತದೆ. ಅತ್ತೆಗೆ ಹೇಳುವ ಉತ್ತರ ಸಿದ್ಧವಾಯಿತು. ಆದರೆ ಬಿಟ್ಟುಹೋದ ದಿನಗಳನ್ನು ಮತ್ತೆ ಹಿಡಿದು ತೀರಿಸಬೇಕು, ಅದಕ್ಕೆ ಸಬೂಬು ನಡೆಯುವುದಿಲ್ಲ. ರಂಜಾನಿನ ಮುಂದಿನ ತಿಂಗಳಲ್ಲೂ ಉಪವಾಸ ಹಿಡಿಯುವ ಹೆಂಗಸರಿದ್ದಾರೆ, ಅವರ ಜೊತೆ ತಾನೂ ಹಿಡಿಯಲೇ ಎಂದು ಕೇಳಿದಳು. ಅಯಾ ಗದರಿದಳು: "ಹಸಿವು ನಿನಗಲ್ಲ, ಒಳಗಿರೋದಕ್ಕೆ. ತೆಪ್ಪಗಿರು."

ಹಾಗಾಗಿ ಒಂದು ದಿನ ಬೆಳಕು ಹರಿಯುವ ಮುನ್ನ ಅವಳು ಒಬ್ಬಳೇ ಎದ್ದು ಒಲೆಯ ಕೋಣೆಗೆ ಹೋದಳು. ರೊಟ್ಟಿ ತಿಂದು ನೀರು ಕುಡಿದಳು. ಇನ್ನು ನಿಯ್ಯತ್ ಆಗಬೇಕು. ಎದೆಯೊಳಗೆ ಇದ್ದರೆ ಸಾಕು ಎಂದಿದ್ದ ಮೈದುನ. ಅವಳು ಕಣ್ಣು ಮುಚ್ಚಿ ಎದೆಯೊಳಗೆ ಹುಡುಕಿದಳು. ಅಲ್ಲಿ ದಾರವಿಲ್ಲದ ಸೂಜಿಯಂತೆ ಏನೋ ಹೋಗಿ ಬಂದು ಮಾಡಿತು, ಯಾವುದಕ್ಕೂ ಸಿಕ್ಕಿಕೊಳ್ಳಲಿಲ್ಲ. ಮೂರು ವರ್ಷ ಬಾಯಲ್ಲೇ ಹೇಳಿದವಳಿಗೆ ತುಟಿ ಅಲ್ಲಾಡದೆ ಉಪವಾಸ ಹಿಡಿದ ಹಾಗಾಗಲಿಲ್ಲ. ಇನ್ನೇನು ಬೆಳಕು ಹರಿಯುವುದರಲ್ಲಿತ್ತು.

ಅವಳು ಪಿಸುಮಾತಿನಲ್ಲಿ ಹೇಳಿದಳು: "ರಂಜಾನಿನಲ್ಲಿ ಬಿಟ್ಟುಹೋದ ಉಪವಾಸದ ಬದಲಿಗೆ ಈ ದಿನದ ಉಪವಾಸವನ್ನು..."

ಹಿಂದೆ ಅಯಾ ನಿಂತಿದ್ದಳು. ಬಸುರಿ ಚಳಿಯಲ್ಲಿ ಏನೂ ಹೊದೆಯದೆ ಎದ್ದು ಹೋದಳೆಂದು ಉಣ್ಣೆಯ ಶಾಲು ತಂದಿದ್ದಳು.

"ಜೋರಾಗಿ ಹೇಳು ಮಗಳೇ."

ಅಯಾ ಗಂಡುಮಕ್ಕಳಿಬ್ಬರನ್ನೂ ಎಬ್ಬಿಸಿದಳು. ದಿನದಂತೆಯೇ ಚಾಪೆಯ ಸುತ್ತ ಕೂರಿಸಿದಳು. ಮುಅತ್ತರ್ ಎಲ್ಲರೆದುರು ಮೊದಲಿನಿಂದ ಹೇಳಬೇಕಾಯಿತು, ಬಿಟ್ಟುಹೋದ ಎಂಬ ಪದವನ್ನು ಎರಡು ಸಲ. ಇಲ್ಹೋಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತನ್ನ ಕೈಗಳನ್ನು ನೋಡಿಕೊಂಡ.

"ಈಗ ನೀನು," ಅಯಾ ಅವನಿಗೆ ಹೇಳಿದಳು. ಆಮೇಲೆ ಚಿಕ್ಕವನ ಕಡೆ ತಿರುಗಿದಳು. "ಓದಿದವನೇ, ನೀನೇ ಹೇಳಪ್ಪ. ತಲಾಕ್ ಎದೆಯೊಳಗೆ ಅಂದ್ಕೊಂಡ್ರೆ ಆಗತ್ತಾ?"

ಅಬ್ರೋರ್ ಅತ್ತಿಗೆಯನ್ನು ನೋಡಿದ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಇಲ್ಲ ಅಯಾ. ಅದನ್ನ ಬಾಯಲ್ಲೇ ಹೇಳಬೇಕು."

ಇಲ್ಹೋಮ್ ಹೇಳಿದ. ಯಾವಾಗಲೂ ಅರ್ಧ ನುಂಗುವವನು ಈ ಸಲ ಒಂದು ಪದವನ್ನೂ ನುಂಗಲಿಲ್ಲ. ಪಕ್ಕದ ಮನೆಯಲ್ಲಿ ಯಾರೋ ದೀಪ ಹಚ್ಚಿದರು.

ಅಯಾ ಶಾಲನ್ನು ಕೊಡವಿ ತಾನೇ ಹೊದ್ದುಕೊಂಡಳು. ಚಹಾ ಬಗ್ಗಿಸಿ ಮುಅತ್ತರಳ ಮುಂದಿಟ್ಟಳು.

"ಕುಡಿ."

"ಉಪವಾಸ ಇದೀನಿ," ಎಂದಳು ಮುಅತ್ತರ್.